ಹೋದ ಕಟ್ಟಡದ ಚಕ್ಕುಬಂದಿ: ಶಿವಮೊಗ್ಗದಂಥ ಪೇಟೆಯ ಹಳೆಯ ಬೀದಿಯನ್ನು ದಾಖಲಿಸುವ ಬಗೆ

ಒಂದು ಹಳೆಯ ಕಟ್ಟಡವನ್ನು ಕೆಡವಿದ ಐದಾರು ವರ್ಷಗಳೊಳಗೆ ಅದು ನಿಖರವಾಗಿ ಎಲ್ಲಿತ್ತು ಎಂದು ಹೇಳಬಲ್ಲವರು ಬೀದಿಯಲ್ಲಿ ವಿರಳವಾಗುತ್ತಾರೆ. ಇಂಥ ಕಡೆ ಒಂದು ಮೆತ್ತಿನ (ಮಹಡಿಯ) ಮನೆ ಇತ್ತು ಎಂದು ಎಲ್ಲರೂ ಒಪ್ಪುತ್ತಾರೆ. ಆದರೆ ಅದು ಈಗಿನ ಬಟ್ಟೆ ಅಂಗಡಿಯ ಜಾಗದಲ್ಲಿತ್ತೋ ಅದರ ಪಕ್ಕದ ಔಷಧಿ ಅಂಗಡಿಯ ಜಾಗದಲ್ಲಿತ್ತೋ ಎಂಬಲ್ಲಿ ಜಗಳ ಶುರುವಾಗುತ್ತದೆ. ನೆನಪು ಭಾವವನ್ನು ಹಿಡಿದಿಡುತ್ತದೆ, ಅಳತೆಯನ್ನಲ್ಲ. ಆದ್ದರಿಂದ ಈ ಕೆಲಸಕ್ಕೆ ಇಳಿಯುವವರು ಮೊದಲು ಹುಡುಕಬೇಕಾದದ್ದು ಆ ಕಟ್ಟಡದ ನಾಲ್ಕು ದಿಕ್ಕುಗಳನ್ನು. ನಮ್ಮ ಕ್ರಯಪತ್ರಗಳಲ್ಲಿ ಪ್ರತಿ ಸ್ವತ್ತಿಗೂ ಚಕ್ಕುಬಂದಿ ಬರೆದಿರುತ್ತದೆ: ಪೂರ್ವಕ್ಕೆ ಯಾರ ಮನೆ, ಪಶ್ಚಿಮಕ್ಕೆ ಯಾವ ಓಣಿ, ಉತ್ತರಕ್ಕೆ ಯಾರ ಮಂಡಿ, ದಕ್ಷಿಣಕ್ಕೆ ಯಾವ ಸರ್ಕಾರಿ ರಸ್ತೆ. ಕಟ್ಟಡ ನೆಲಸಮವಾಗಿ, ಅದರ ಸ್ವಂತ ಕಾಗದಗಳೂ ಕಳೆದುಹೋದ ಮೇಲೆ ಸಹ ಅದರ ಸುದ್ದಿ ಪಕ್ಕದ ಮನೆಯವರ ಪತ್ರದಲ್ಲಿ ಉಳಿದಿರುತ್ತದೆ. ಮುಂದೆ ಹೇಳುವ ಕ್ರಮವೆಲ್ಲ ಈ ಒಂದು ಸಂಗತಿಯ ಮೇಲೆ ನಿಂತಿದೆ.

ಇಡೀ ಊರನ್ನು ಕೈಗೆತ್ತಿಕೊಳ್ಳಬಾರದು. ಗಾಂಧಿ ಬಜಾರ್, ದುರ್ಗಿಗುಡಿ, ಕೋಟೆ ರಸ್ತೆ ಇವುಗಳಲ್ಲಿ ಒಂದನ್ನು, ಅದರಲ್ಲೂ ಎರಡು ಅಡ್ಡರಸ್ತೆಗಳ ನಡುವಿನ ಒಂದು ತುಂಡನ್ನು ಮಾತ್ರ ಆರಿಸಿಕೊಂಡರೆ ಒಬ್ಬರು ಬಿಡುವಿನ ವೇಳೆಯಲ್ಲಿ ಒಂದು ವರ್ಷದಲ್ಲಿ ಮುಗಿಸಬಹುದು. ಮೊದಲ ನಡಿಗೆಯನ್ನು ಅಂಗಡಿಗಳು ತೆರೆಯುವ ಮೊದಲು, ಬೆಳಗ್ಗೆ ಏಳರ ಸುಮಾರಿಗೆ ಇಟ್ಟುಕೊಳ್ಳುವುದು ಒಳ್ಳೆಯದು. ಆಗ ಹೊರಗೆ ತೂಗುಹಾಕಿದ ಸರಕು ಇರುವುದಿಲ್ಲ, ವಾಹನಗಳೂ ಕಡಿಮೆ, ನಾಮಫಲಕದಿಂದ ಮೇಲಿನ ಕಟ್ಟಡವನ್ನು ನೆಮ್ಮದಿಯಾಗಿ ನೋಡಬಹುದು. ಪೇಟೆಯಲ್ಲಿ ಹಳೆಯ ಕಟ್ಟಡದ ಕೆಳಭಾಗ ಹತ್ತಾರು ಸಲ ಬದಲಾಗಿರುತ್ತದೆ. ಮೇಲ್ಭಾಗಕ್ಕೆ ಖರ್ಚು ಮಾಡುವವರು ಕಡಿಮೆಯಾದ್ದರಿಂದ ಹಳೆಯ ಕಿಟಕಿ, ಸೂರು, ಗಾರೆಯ ಕೆಲಸ ಅಲ್ಲಿ ಉಳಿದುಕೊಂಡಿರುತ್ತವೆ. ಒಂದು ಉದ್ದನೆಯ ಹಾಳೆಯಲ್ಲಿ ಬೀದಿಯ ಎರಡೂ ಬದಿಯ ಕಟ್ಟಡಗಳನ್ನು ಚೌಕಗಳಾಗಿ ಬರೆದು, ಪ್ರತಿಯೊಂದಕ್ಕೂ ನಿಮ್ಮದೇ ಒಂದು ಸಂಖ್ಯೆ ಕೊಡಿ. ಪಾಲಿಕೆಯ ಸಂಖ್ಯೆ ಕಾಲಕಾಲಕ್ಕೆ ಬದಲಾಗಬಹುದು, ನಿಮ್ಮದು ಬದಲಾಗಬಾರದು.

ಈ ನಕ್ಷೆಯನ್ನು ತುಂಬಲು ಮೂರು ಬಣ್ಣದ ಶಾಯಿ ಬೇಕು. ಕಣ್ಣಾರೆ ಕಂಡು ಅಳೆದದ್ದನ್ನು ಕಪ್ಪಿನಲ್ಲಿ, ಕಾಗದಪತ್ರದಲ್ಲೋ ಛಾಯಾಚಿತ್ರದಲ್ಲೋ ಸಿಕ್ಕಿದ್ದನ್ನು ನೀಲಿಯಲ್ಲಿ, ಬೇರೆಯವರ ಬಾಯಿಂದ ಕೇಳಿದ್ದನ್ನು ಕೆಂಪಿನಲ್ಲಿ ಬರೆಯಬೇಕು. ಇದು ಮೊದಲಿಗೆ ಮಕ್ಕಳಾಟದಂತೆ ಕಾಣುತ್ತದೆ. ಎರಡನೆಯ ತಿಂಗಳಲ್ಲಿ ಯಾವ ಮಾತು ಎಲ್ಲಿಂದ ಬಂತು ಎಂದು ಮರೆತಾಗ ಇದರ ಬೆಲೆ ತಿಳಿಯುತ್ತದೆ.

ಉಳಿದಿರುವ ಕಟ್ಟಡವನ್ನು ಓದುವುದಕ್ಕೆ ಕೆಲವು ಗುರುತುಗಳಿವೆ. ರಸ್ತೆಗೆ ಪ್ರತಿ ಸಲ ಜಲ್ಲಿ, ಡಾಂಬರು, ಕಾಂಕ್ರೀಟು ಬೀಳುವಾಗಲೂ ಅದರ ಮಟ್ಟ ಮೇಲೇರುತ್ತದೆ. ಹಳೆಯ ಮನೆಯ ಜಗಲಿ ಮಾತ್ರ ಇದ್ದಲ್ಲೇ ಇರುತ್ತದೆ. ಹಾಗಾಗಿ ಒಂದು ಕಾಲಕ್ಕೆ ನಾಲ್ಕು ಮೆಟ್ಟಿಲು ಹತ್ತಿ ಹೋಗುತ್ತಿದ್ದ ಜಗಲಿ ಇಂದು ರಸ್ತೆಯ ಸಮಕ್ಕೆ ಬಂದಿರುತ್ತದೆ, ಕೆಲವೆಡೆ ಹೊಸ್ತಿಲೇ ತಗ್ಗಿನಲ್ಲಿರುತ್ತದೆ. ಹೊಸ್ತಿಲಿನಿಂದ ರಸ್ತೆಯ ಮಟ್ಟಕ್ಕಿರುವ ಅಂತರವನ್ನು ಪ್ರತಿ ಕಟ್ಟಡಕ್ಕೂ ಅಳೆದು ಬರೆದರೆ, ಯಾವುದು ಹಳೆಯದು ಯಾವುದು ಹೊಸತು ಎಂಬ ಅಂದಾಜು ಒಂದೇ ನೋಟಕ್ಕೆ ಸಿಗುತ್ತದೆ. ಒಳಗೆ ಹೋಗಲು ಬಿಟ್ಟರೆ ಮುಂಡಿಗೆಗಳನ್ನು, ಅಂದರೆ ಮರದ ಕಂಬಗಳನ್ನು, ಎಣಿಸಿ. ಮಲೆನಾಡಿನ ಮನೆಯನ್ನು ಅಂಕಣದ, ಅಂದರೆ ಎರಡು ಕಂಬಗಳ ನಡುವಿನ ಜಾಗದ, ಲೆಕ್ಕದಲ್ಲಿ ಹೇಳುವುದು ರೂಢಿ. ಅಡಿಗಳ ಅಳತೆ ಸಿಗದಿದ್ದರೂ ಐದಂಕಣದ ಮನೆ ಎಂಬ ಒಂದು ಮಾತು ಕಟ್ಟಡದ ಗಾತ್ರವನ್ನು ಸುಮಾರಾಗಿ ಕಣ್ಣಿಗೆ ಕಟ್ಟಿಕೊಡುತ್ತದೆ. ಗೋಡೆ ಮಣ್ಣಿನದೋ ಜಂಬಿಟ್ಟಿಗೆಯದೋ (ಕೆಂಪು ಮುರಕಲ್ಲಿನದೋ), ಮೇಲೆ ನಾಡಹಂಚೋ ಮಂಗಳೂರು ಹಂಚೋ ತಾರಸಿಯೋ ಎಂಬುದನ್ನೂ ಬಿಡದೆ ಬರೆದುಕೊಳ್ಳಬೇಕು.

ಕಾಲವನ್ನು ನಿರ್ಧರಿಸುವಲ್ಲಿ ಅವಸರ ಸಲ್ಲದು. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಅವರ ಅನೇಕ ಹಂಚುಗಳ ಮೇಲೆ ಆ ಇಸವಿ ಅಚ್ಚಾಗಿರುವುದರಿಂದ, ಹಂಚು ಕೈಗೆ ಸಿಕ್ಕವರು ಮನೆಯನ್ನೇ 1865ರದ್ದೆಂದು ಹೇಳಿಬಿಡುತ್ತಾರೆ. ಅದು ಕಾರ್ಖಾನೆ ಹುಟ್ಟಿದ ವರ್ಷ. ಹಂಚು ಬೆಂದ ವರ್ಷವಲ್ಲ, ಮನೆ ಎದ್ದ ವರ್ಷವಂತೂ ಅಲ್ಲ. ಮೇಲಾಗಿ ನಾಡಹಂಚು ತೆಗೆದು ಮಂಗಳೂರು ಹಂಚು ಹೊದಿಸಿದ ಮನೆಗಳೂ ಇರುತ್ತವೆ. ಹೆಸರೂ ಹೀಗೆಯೇ ದಾರಿ ತಪ್ಪಿಸಬಲ್ಲದು. ತುಂಗೆಯ ದಡದಲ್ಲಿ ಈಗ ಸರ್ಕಾರಿ ವಸ್ತುಸಂಗ್ರಹಾಲಯವಾಗಿರುವ ಶಿವಪ್ಪನಾಯಕನ ಅರಮನೆಗೆ ಹದಿನೇಳನೆಯ ಶತಮಾನದ ಕೆಳದಿಯ ಅರಸನ ಹೆಸರಿದ್ದರೂ, ಈಗ ನಿಂತಿರುವ ಕಟ್ಟಡ ಹದಿನೆಂಟನೆಯ ಶತಮಾನದ ಹೈದರ್ ಅಲಿಯ ಕಾಲದ್ದೆಂದು ಇತಿಹಾಸಕಾರರು ಹೇಳುತ್ತಾರೆ. ಇನ್ನು ದಾರಂದದ (ಬಾಗಿಲ ಚೌಕಟ್ಟಿನ) ಮೇಲೋ ಹಳೆಯ ಪತ್ರದಲ್ಲೋ ಸಂವತ್ಸರದ ಹೆಸರು ಮಾತ್ರ ಸಿಕ್ಕರೆ ಅರವತ್ತು ವರ್ಷಗಳ ಚಕ್ರವನ್ನು ನೆನಪಿಡಬೇಕು: ಯುವ ಸಂವತ್ಸರವೆಂದರೆ 1935–36 ಆಗಬಹುದು, 1875–76 ಸಹ ಆಗಬಹುದು. ಗಾರೆ, ಮರ, ಮಾಲೀಕರ ತಲೆಮಾರು ಇವನ್ನು ನೋಡಿಯೇ ಎರಡರಲ್ಲಿ ಒಂದನ್ನು ಆರಿಸಬೇಕಾಗುತ್ತದೆ.

ಈಗ ಕಾಗದಪತ್ರಕ್ಕೆ ಬರೋಣ, ಏಕೆಂದರೆ ಕೆಲಸದ ತಿರುಳು ಇರುವುದು ಇಲ್ಲಿ. ನಿಮಗೆ ಬೇಕಾದ ಕಟ್ಟಡ ಹೋಗಿದೆ ಎಂದಿಟ್ಟುಕೊಳ್ಳಿ. ಅದರ ಎಡಬಲಗಳಲ್ಲಿ, ಹಿಂಬದಿಯಲ್ಲಿ ಹಳೆಯ ಮನೆತನಗಳು ಇನ್ನೂ ಇದ್ದರೆ ಅವರ ಕ್ರಯಪತ್ರ, ಆಧಾರಪತ್ರಗಳ ಚಕ್ಕುಬಂದಿಯ ಭಾಗವನ್ನಷ್ಟೇ ನೋಡಲು ಕೇಳಿಕೊಳ್ಳಿ. ಬೆಲೆ, ಸಾಲ, ವ್ಯಾಜ್ಯ ಇವು ನಮಗೆ ಬೇಕಿಲ್ಲವೆಂದು ಮೊದಲೇ ಹೇಳಿ, ಆ ಪುಟವನ್ನು ಮಾತ್ರ ಕೈಯಿಂದ ನಕಲು ಮಾಡಿಕೊಳ್ಳಬೇಕು. ಮೊಬೈಲು ಎತ್ತಿದರೆ ಜನ ಹಿಂಜರಿಯುತ್ತಾರೆ. ರಸ್ತೆ ಅಗಲೀಕರಣಕ್ಕೋ ಕಂದಾಯ ಹೆಚ್ಚಿಸಲಿಕ್ಕೋ ಬಂದವರೆಂಬ ಅನುಮಾನ ಅವರಿಗೆ ಇದ್ದೇ ಇರುತ್ತದೆ, ಅದು ತಪ್ಪೂ ಅಲ್ಲ. ಇವೆಲ್ಲಕ್ಕಿಂತ ಹೆಚ್ಚು ಕೊಡುವ ಕಾಗದವೆಂದರೆ ಅಣ್ಣತಮ್ಮಂದಿರ ಪಾಲುಪಟ್ಟಿ. ಮನೆ ಒಡೆದು ಪಾಲಾಗುವಾಗ ಜಗಲಿ ಯಾರಿಗೆ, ಪಡಸಾಲೆಯ ಎಷ್ಟು ಅಂಕಣ ಯಾರಿಗೆ, ಹಿತ್ತಲಿನ ಬಾವಿಯಿಂದ ನೀರು ಸೇದುವ ಹಕ್ಕು ಯಾರಿಗೆ, ಮೆತ್ತಿನ ಏಣಿಯನ್ನು ಯಾರು ಬಳಸಬೇಕು ಎಂದೆಲ್ಲ ಬರೆದಿರುತ್ತಾರೆ. ಆ ಮನೆಯನ್ನು ಕಣ್ಣಿಂದ ಕಾಣದವರೂ ಅದನ್ನು ಓದಿ ನೆಲನಕ್ಷೆ ಬರೆಯಬಹುದು. ಸುಖವಾಗಿ ಒಟ್ಟಿಗಿದ್ದ ಮನೆತನಗಳು ಇತಿಹಾಸಕ್ಕೆ ಅಷ್ಟು ಉಪಕಾರ ಮಾಡಿಲ್ಲವೆಂದೇ ಹೇಳಬೇಕು.

ಮನೆಯವರ ಬಳಿ ಕಾಗದ ಇಲ್ಲದಿದ್ದರೆ ಉಪನೋಂದಣಾಧಿಕಾರಿಗಳ ಕಚೇರಿ ಇದೆ. 2004ರ ಏಪ್ರಿಲ್‌ನಿಂದ ಈಚಿನ ಋಣಭಾರ ಪ್ರಮಾಣಪತ್ರ, ಅಂದರೆ ಎಲ್ಲರೂ ಇಸಿ ಎನ್ನುವ ಕಾಗದ, ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಸಿಗುತ್ತದೆ. ಅದಕ್ಕೂ ಹಿಂದಿನದಕ್ಕೆ ಕಚೇರಿಗೆ ಅರ್ಜಿ ಕೊಟ್ಟು ಹಳೆಯ ಪುಸ್ತಕಗಳಿಂದ ತೆಗೆಸಬೇಕು. ಸಾರ್ವಜನಿಕ ಕಟ್ಟಡವಾಗಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಬಹುದು: ಹತ್ತು ರೂಪಾಯಿ ಶುಲ್ಕ, ಒಂದೇ ವಿಷಯ, 150 ಪದಗಳ ಮಿತಿ. ಹಳೆಯ ಬರಹಗಳಲ್ಲಿ ಹುಡುಕುವಾಗ ಊರಿನ ಹೆಸರನ್ನು ಶಿವಮೊಗ್ಗೆ, ಶಿಮೊಗ್ಗ, ಷಿಮೊಗ್ಗ ಎಂದೆಲ್ಲ ಬದಲಿಸಿ ನೋಡಬೇಕು, ಏಕೆಂದರೆ ಇಂಗ್ಲಿಷಿನಲ್ಲಿಯೂ ಶಿವಮೊಗ್ಗ ಎಂದೇ ಬರೆಯುವ ಅಧಿಕೃತ ಬದಲಾವಣೆ ಆದದ್ದು 2014ರ ನವೆಂಬರಿನಲ್ಲಿ. ವೃತ್ತಗಳ ಹೆಸರೂ ಎರಡೆರಡು ಇರುತ್ತವೆ. ಊರೆಲ್ಲ ಗೋಪಿ ಸರ್ಕಲ್ ಎನ್ನುವ ಜಾಗ ಕಾಗದದಲ್ಲಿ ಟಿ. ಸೀನಪ್ಪ ಶೆಟ್ಟಿ ವೃತ್ತ.

ನನ್ನದೇ ಒಂದು ತಪ್ಪನ್ನು ಇಲ್ಲಿ ಹೇಳಬೇಕು. ದುರ್ಗಿಗುಡಿಯ ಒಂದು ಅಡ್ಡರಸ್ತೆಯಲ್ಲಿದ್ದ ಅಡಿಕೆ ವ್ಯಾಪಾರದ ಹಳೆಯ ಮಂಡಿಯೊಂದರ ಮುಂಭಾಗವನ್ನು ನಾನು ಹತ್ತಾರು ಸಲ ಛಾಯಾಚಿತ್ರ ತೆಗೆದಿದ್ದೆ. ಕಂಬದ ತಲೆಯ ಕೆತ್ತನೆಯ ಬೋದಿಗೆಗಳೂ ಬಣ್ಣದ ಗಾಜಿನ ಬೆಳಕಿಂಡಿಯೂ ಅಷ್ಟು ಚೆನ್ನಾಗಿದ್ದವು. ಮಳೆಗಾಲಕ್ಕೆ ಮೊದಲು ಅದನ್ನು ಕೆಡವಿದರು. ಆಮೇಲೆ ಕುಳಿತು ನೋಡಿದರೆ ಹಿಂಬದಿಯ ಒಂದೇ ಒಂದು ಚಿತ್ರ ನನ್ನಲ್ಲಿಲ್ಲ. ಕಟ್ಟಡ ಎಷ್ಟು ಆಳವಿತ್ತು, ಉಗ್ರಾಣ ಎಲ್ಲಿ ಮುಗಿಯುತ್ತಿತ್ತು ಎಂಬುದು ತಿಳಿಯಲಿಲ್ಲ. ಕೊನೆಗೆ ಹಿಂಬೀದಿಯ ಮನೆಯವರ ಪತ್ರದಲ್ಲಿ ಪೂರ್ವದ ಗಡಿಯಾಗಿ ಆ ಮಂಡಿಯ ಉಗ್ರಾಣದ ಗೋಡೆಯೂ ಅದರಾಚೆ ಮೂರು ಗಜದ ಸಂದಿಯೂ ನಮೂದಾಗಿದ್ದು ಸಿಕ್ಕಿತು. ಅಂದಿನಿಂದ ಯಾವ ಕಟ್ಟಡದ ಬಳಿ ಹೋದರೂ ಮೊದಲು ಹಿಂಬದಿಗೆ ಹೋಗುತ್ತೇನೆ.

ಜನರನ್ನು ಮಾತನಾಡಿಸುವಾಗ ಇಲ್ಲಿ ಏನಿತ್ತು ಎಂದು ಕೇಳಿದರೆ ಎಲ್ಲರಿಗೂ ಗೊತ್ತಿರುವ ಉತ್ತರವೇ ಬರುತ್ತದೆ. ಬದಲಿಗೆ ನೀವು ಶಾಲೆಗೆ ಹೋಗುವಾಗ ಯಾವ ಜಗಲಿಯ ಮೇಲೆ ಮಳೆಗೆ ನಿಲ್ಲುತ್ತಿದ್ದಿರಿ ಎಂದು ಕೇಳಬೇಕು. ಮಲೆನಾಡಿನಲ್ಲಿ ಈ ಪ್ರಶ್ನೆಗೆ ಉತ್ತರವಿಲ್ಲದವರು ಸಿಗುವುದಿಲ್ಲ. ಮಾಲೀಕರಿಗಿಂತ ಗುಮಾಸ್ತರಿಗೆ, ಗುಮಾಸ್ತರಿಗಿಂತ ಹಮಾಲರಿಗೆ ಕಟ್ಟಡದ ಒಳಗು ಚೆನ್ನಾಗಿ ಗೊತ್ತಿರುತ್ತದೆ, ಏಕೆಂದರೆ ಅಡಿಕೆ ಮೂಟೆ ಹೊತ್ತವರಿಗೆ ಎಷ್ಟು ಮೆಟ್ಟಿಲು, ಎಲ್ಲಿ ತಲೆ ಬಗ್ಗಿಸಬೇಕು ಎಂಬುದು ಮೈಗೆ ನೆನಪಿರುತ್ತದೆ. ಹಿತ್ತಲು, ಬಾವಿ, ಬಚ್ಚಲು, ನೆರೆಮನೆಗೆ ಹೋಗುತ್ತಿದ್ದ ಕಿರುಬಾಗಿಲು ಇವನ್ನು ಹೇಳುವವರು ಅಜ್ಜಿಯರು. ಇಸವಿ ಕೇಳಬಾರದು, ಲಿಂಗನಮಕ್ಕಿ ಅಣೆಕಟ್ಟೆ ಆಗುವ ಮೊದಲೋ ಆಮೇಲೋ ಎಂದು ಕೇಳಿದರೆ 1964ರ ಈಚೆಯೋ ಆಚೆಯೋ ಎಂಬುದು ತಾನಾಗಿ ತಿಳಿಯುತ್ತದೆ.

ಛಾಯಾಚಿತ್ರಗಳು ಕಟ್ಟಡದ ಹೆಸರಿನಲ್ಲಿ ಸಿಗುವುದು ಅಪರೂಪ. ಕಟ್ಟಡಗಳು ಮದುವೆಯ ದಿಬ್ಬಣ, ಗಣಪತಿಯ ಮೆರವಣಿಗೆ, ಎರಡು ವರ್ಷಕ್ಕೊಮ್ಮೆ ಬರುವ ಕೋಟೆ ಮಾರಿಕಾಂಬ ಜಾತ್ರೆ, ಅಂಗಡಿಯ ಆಯುಧಪೂಜೆ ಇವುಗಳ ಹಿನ್ನೆಲೆಯಲ್ಲಿ ಅಡಗಿರುತ್ತವೆ. ಆಲ್ಬಂ ತೋರಿಸುವವರು ಮದುಮಕ್ಕಳನ್ನು ತೋರಿಸುತ್ತಾರೆ, ನೀವು ಅವರ ಹೆಗಲ ಮೇಲಿನ ಸೂರನ್ನು ನೋಡಬೇಕು. ಒಬ್ಬ ಮನುಷ್ಯನೋ ಆರಡಿಯ ಬಾಗಿಲೋ ಚಿತ್ರದಲ್ಲಿ ಕಟ್ಟಡದ ಪಕ್ಕದಲ್ಲೇ ಇದ್ದರೆ ಅದನ್ನೇ ಅಳತೆಗೋಲು ಮಾಡಿಕೊಂಡು ಕಟ್ಟಡದ ಎತ್ತರವನ್ನು ಲೆಕ್ಕ ಹಾಕಬಹುದು. ಚಿತ್ರವನ್ನು ಪ್ರಕಟಿಸುವುದಾದರೆ ಅದರ ಹಕ್ಕು ಯಾರದೋ ಅವರ ಅನುಮತಿ ಬೇಕು. 2012ರ ಕಾನೂನು ತಿದ್ದುಪಡಿಯ ಪ್ರಕಾರ ಛಾಯಾಚಿತ್ರದ ಹಕ್ಕು ತೆಗೆದವರು ಬದುಕಿರುವಷ್ಟು ಕಾಲವೂ, ಅವರು ತೀರಿಕೊಂಡ ಮರುವರ್ಷದಿಂದ 60 ವರ್ಷವೂ ಇರುತ್ತದೆ.

ಒಂದೊಂದೇ ಕಟ್ಟಡದ ಜೊತೆಗೆ ಊರಿನ ನೆತ್ತಿಯ ಗೆರೆಯೂ ಬದಲಾಗುತ್ತಿದೆ. ಹೆಂಚಿನ ಸೂರುಗಳ ಮೇಲೆ ತೆಂಗು, ಅಲ್ಲಲ್ಲಿ ಗೋಪುರ ಕಾಣುತ್ತಿದ್ದ ಕಡೆ ಈಗ ನೀರಿನ ಸಿಂಟೆಕ್ಸು, ಸೋಲಾರ್ ಹೀಟರು, ಮೊಬೈಲ್ ಟವರು ಕಾಣುತ್ತವೆ. ಇದನ್ನು ದಾಖಲಿಸಲು ಮೂರು ನಿಲುಗಡೆಗಳನ್ನು ಗೊತ್ತುಮಾಡಿಕೊಳ್ಳಿ: ತುಂಗಾ ಸೇತುವೆಯ ಒಂದು ನಿರ್ದಿಷ್ಟ ಕಂಬ, ಗುಡ್ಡೇಕಲ್ಲಿನ ಬಾಲಸುಬ್ರಹ್ಮಣ್ಯ ದೇವಸ್ಥಾನದ ಗುಡ್ಡ, ಪೇಟೆಯೊಳಗೆ ಯಾರಾದರೂ ಬಿಡುವ ಒಂದು ತಾರಸಿ. ಪ್ರತಿ ವರ್ಷ ಮಳೆ ತೊಳೆದ ಗಾಳಿ ಇನ್ನೂ ತಿಳಿಯಾಗಿರುವ ನವೆಂಬರಿನಲ್ಲಿ, ಅದೇ ಹೊತ್ತಿಗೆ, ಅದೇ ಕಡೆಗೆ ಮುಖ ಮಾಡಿ ಚಿತ್ರ ತೆಗೆಯಬೇಕು. ನಿಂತಿರುವ ಕಟ್ಟಡದ ಎತ್ತರಕ್ಕೆ ಉಪಕರಣ ಬೇಕಿಲ್ಲ. ಮೂರಡಿಯ ಕೋಲಿನ ನೆರಳು ಎರಡಡಿ ಬಿದ್ದಾಗ ಕಟ್ಟಡದ ನೆರಳು ಇಪ್ಪತ್ತಡಿ ಬಿದ್ದರೆ ಅದರ ಎತ್ತರ ಮೂವತ್ತಡಿ. ಕಳೆದ ಎರಡು ದಶಕಗಳ ಬದಲಾವಣೆಗೆ ಗೂಗಲ್ ಅರ್ತ್‌ನಲ್ಲಿ ಹಿಂದಿನ ವರ್ಷಗಳ ಉಪಗ್ರಹ ಚಿತ್ರಗಳನ್ನು ತೆರೆದು ನೋಡಬಹುದು. ಹೆಂಚಿನ ಕೆಂಪು ಯಾವ ವರ್ಷ ಕಾಂಕ್ರೀಟಿನ ಬಿಳುಪಾಯಿತು ಎಂಬುದು ಅಲ್ಲಿ ಕಾಣುತ್ತದೆ.

ಹುಡುಕಾಟ ಪೇಟೆಯ ಆಚೆಗೂ ಕೊಂಡೊಯ್ಯಬಹುದು. ಶರಾವತಿಯ ಹಿನ್ನೀರಿನಲ್ಲಿ ಊರುಗಳೇ ಮುಳುಗಿವೆ. 1948ರಲ್ಲಿ ಮುಗಿದ ಹಿರೇಭಾಸ್ಕರ ಅಣೆಕಟ್ಟೆಯೂ ಲಿಂಗನಮಕ್ಕಿಯ ನೀರಿನಡಿ ಸೇರಿತು, ನೀರು ತೀರಾ ಇಳಿದ ಬೇಸಿಗೆಯಲ್ಲಿ ಮೇಲೆ ಕಾಣುತ್ತದೆ. ಅಲ್ಲಿಯವರು ಬರುವಾಗ ಬಾಗಿಲು, ಮುಂಡಿಗೆ, ತೊಲೆಗಳನ್ನು ಗಾಡಿಯಲ್ಲಿ ಹೇರಿ ತಂದದ್ದುಂಟು. ಆದ್ದರಿಂದ ಮನೆಗಿಂತ ಹಳೆಯದಾಗಿ ಕಾಣುವ ಬಾಗಿಲು ಎದುರಾದರೆ ಇದು ಎಲ್ಲಿಂದ ಬಂತೆಂದು ಕೇಳಲು ಮರೆಯಬಾರದು. ಪೇಟೆಯ ಕಟ್ಟಡ ಕೆಡವಿದಾಗಲೂ ಅಷ್ಟೇ, ಹಳೆಯ ಮರದ ಸಾಮಾನು ಕೊಳ್ಳುವ ವ್ಯಾಪಾರಿಯ ಬಳಿ ವಾರದೊಳಗೆ ಹೋದರೆ ಅರ್ಧ ಕಟ್ಟಡ ಅಲ್ಲಿ ಒರಗಿ ನಿಂತಿರುತ್ತದೆ.

ನಕ್ಷೆ ಮುಗಿದ ಮೇಲೆ ಅದರ ಪ್ರತಿಗಳನ್ನು ಒಂದಕ್ಕಿಂತ ಹೆಚ್ಚು ಕಡೆ, ಮನೆಯಲ್ಲಿ ಒಂದು, ಗ್ರಂಥಾಲಯದಲ್ಲೋ ಆ ಬೀದಿಯ ಶಾಲೆಯಲ್ಲೋ ಒಂದು ಇಡಬೇಕು. ಛಾಯಾಚಿತ್ರದ ಬೆನ್ನಿಗೆ ಪೆನ್ಸಿಲಿನಲ್ಲಿ ಮಾತ್ರ ಬರೆಯಿರಿ, ಮಲೆನಾಡಿನ ಮಳೆಗಾಲದ ತೇವಕ್ಕೆ ಶಾಯಿ ಹರಡುತ್ತದೆ. ಇದಕ್ಕೂ ಮೊದಲು ಮಾಹಿತಿ ಕೊಟ್ಟವರ ಮುಂದೆ ನಕ್ಷೆ ಹಾಸಿ ಓದಿ ಹೇಳುವುದು ಕಡ್ಡಾಯ. ನಾನು ಮೇಲೆ ಹೇಳಿದ ಮಂಡಿಯ ನಕ್ಷೆಯನ್ನು ಅಲ್ಲಿ ಮೂವತ್ತು ವರ್ಷ ಮೂಟೆ ಹೊತ್ತ ಹಿರಿಯರೊಬ್ಬರಿಗೆ ತೋರಿಸಿದಾಗ ಅವರು ಉಗ್ರಾಣದ ಮೂಲೆಯ ಮೇಲೆ ಬೆರಳಿಟ್ಟು, ‘ಮೆಟ್ಲು ಏಳಲ್ಲ ಮಾರಾಯ್ರೇ, ಒಂಬತ್ತು’ ಎಂದರು. ಏಳು ಎಂಬುದು ಪತ್ರದಿಂದ ಬಂದ ನೀಲಿ ಅಂಕಿ. ಅದನ್ನು ಹೊಡೆದುಹಾಕದೆ ಪಕ್ಕದಲ್ಲಿ ಕೆಂಪಿನಲ್ಲಿ ಒಂಬತ್ತು ಎಂದು ಬರೆದಿದ್ದೇನೆ.