ಹಸಿವಿನಲ್ಲಿ ಕೆಂಪಾದ ಗಿಡ

ಮೀನಿನ ಟ್ಯಾಂಕಿನ ನೀರಿನ ಮೇಲೆ ತೇಲಿ ಬೆಳೆಯುವ ರೆಡ್ ರೂಟ್ ಫ್ಲೋಟರ್ ಎಂಬ ಗಿಡವನ್ನು ಮೂರು ಸಲ ಕೊಂಡು, ಮೂರು ಸಲವೂ ಕೊಳೆಸಿ ಚೆಲ್ಲಿದವನು ನಾನು. ನಾಲ್ಕನೆಯ ಸಲ ತಂದಾಗ ಮನೆಯಲ್ಲಿ ಯಾರೂ ಏನೂ ಅನ್ನಲಿಲ್ಲ. ಅನ್ನುವುದೆಲ್ಲ ಅಷ್ಟರಲ್ಲಿ ಮುಗಿದಿತ್ತು. ನನಗಿಂತ ಹತ್ತು ವರ್ಷ ಮೊದಲೇ ಟ್ಯಾಂಕ್ ಇಟ್ಟ ಹಿರಿಯರೊಬ್ಬರು ಮಾತ್ರ, "ಆ ಚಿತ್ರಗಳಲ್ಲಿ ಕಾಣುವ ಕೆಂಪು ಗಿಡದ್ದಲ್ಲ, ಕ್ಯಾಮೆರಾದ್ದು. ನಿಮ್ಮಲ್ಲಿ ಬದುಕಿದರೂ ಹಸಿರಾಗಿಯೇ ಬದುಕುತ್ತದೆ" ಎಂದಿದ್ದರು. ಈಗ ನನ್ನ ಎರಡು ಅಡಿ ಟ್ಯಾಂಕಿನಲ್ಲಿ ಮುಕ್ಕಾಲು ಭಾಗ ನೀರೇ ಕಾಣದಂತೆ ಅದೇ ಗಿಡ ಹಬ್ಬಿದೆ. ಬಣ್ಣ ದಾಳಿಂಬೆ ಸಿಪ್ಪೆಯದು. ಆ ಹಿರಿಯರೇ ಬಂದು ಒಂದು ಹಿಡಿ ಕೇಳಿ ಒಯ್ದರು.

ಮೊದಲ ಸಲ ತಂದದ್ದು ಸುಮಾರು ಇಪ್ಪತ್ತು ತುಣುಕು. ನಾಲ್ಕು ದಿನ ಪ್ಲಾಸ್ಟಿಕ್ ಚೀಲದಲ್ಲಿ ಪ್ರಯಾಣ ಮಾಡಿ ಬಂದವು. ಬಿಚ್ಚಿದಾಗಲೇ ಕಾಲು ಭಾಗ ಕಂದು ಲೋಳೆಯಾಗಿತ್ತು. ಉಳಿದವನ್ನು ತೊಳೆದು ನೀರಿಗೆ ಬಿಟ್ಟು, ಗಾಜಿನ ಮುಚ್ಚಳ ಹಾಕಿದೆ. ಕೆಟ್ಟದ್ದು ಅಲ್ಲೇ. ಮುಚ್ಚಳದ ಅಡಿಯಲ್ಲಿ ಕಟ್ಟಿದ ಹನಿ ರಾತ್ರಿಯೆಲ್ಲ ತೊಟ್ಟಿಕ್ಕುತ್ತಿತ್ತು. ಈ ಗಿಡದ ಎಲೆಯನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು: ನಡುವಿನ ನರದ ಎರಡೂ ಬದಿಗೆ ಒಂದೊಂದು ಉಬ್ಬು, ಉಬ್ಬಿನ ಅಡಿಯಲ್ಲಿ ಸಿಕ್ಕಿಕೊಂಡ ಗಾಳಿ. ಒಂದೆರಡು ಹನಿ ಬಿದ್ದರೆ ಕೆಸುವಿನ ಎಲೆಯ ಹಾಗೆ ಉರುಳಿಸಿಬಿಡುತ್ತದೆ. ಆದರೆ ಹನಿಯ ಮೇಲೆ ಹನಿ ಬಿದ್ದರೆ ನೀರು ಎರಡು ಉಬ್ಬುಗಳ ನಡುವಿನ ಕಣಿವೆಯಲ್ಲಿ ನಿಲ್ಲುತ್ತದೆ. ಮರುದಿನ ಅಲ್ಲೊಂದು ಪಾರದರ್ಶಕ ಚುಕ್ಕೆ, ಮೂರನೆಯ ದಿನ ತೂತು, ವಾರದೊಳಗೆ ಎಲೆಯೇ ಇಲ್ಲ. ಹತ್ತು ಹನ್ನೆರಡು ದಿನಗಳಲ್ಲಿ ಎಲ್ಲವೂ ಮುಗಿಯಿತು. ನಾನು ದೂರಿದ್ದು ಗಿಡ ಮಾರಿದವನನ್ನು.

ಎರಡನೆಯ ಸಲ ಮುಚ್ಚಳ ತೆಗೆದೆ. ಆಗ ಹಿಂಬದಿಗೆ ನೇತುಹಾಕುವ ಫಿಲ್ಟರ್ ಇತ್ತು, ಅದರ ನೀರು ಜಲಪಾತದಂತೆ ಬೀಳುತ್ತಿತ್ತು. ಗಿಡಗಳು ಟ್ಯಾಂಕಿನ ಸುತ್ತ ಪ್ರದಕ್ಷಿಣೆ ಹಾಕಿ, ಪ್ರತಿ ಸುತ್ತಿಗೂ ಆ ಧಾರೆಯ ಕೆಳಗೆ ಹೋಗಿ ಮುಳುಗಿ ಏಳುತ್ತಿದ್ದವು. ಮೇಲ್ಮೈ ಒದ್ದೆಯಾದ ಎಲೆಯ ಕಥೆ ಮತ್ತೆ ಹೇಳುವುದು ಬೇಡ. ಎರಡು ವಾರ.

ಮೂರನೆಯ ಸಲ ಬುದ್ಧಿ ಬಂದಿತ್ತು. ಗಾಳಿಯ ಗುಳ್ಳೆಯಿಂದ ನಡೆಯುವ ಸ್ಪಾಂಜ್ ಫಿಲ್ಟರ್‌ಗೆ ಬದಲಿಸಿ ಗಾಳಿಯನ್ನು ಕಡಿಮೆ ಮಾಡಿದೆ. ಗಾಳಿ ಸಾಗಿಸುವ ತೆಳು ಪ್ಲಾಸ್ಟಿಕ್ ಕೊಳವೆಯನ್ನು, ಅಂದರೆ ಏರ್‌ಲೈನ್ ಟ್ಯೂಬನ್ನು, ಬಳೆಯಂತೆ ಬಗ್ಗಿಸಿ, ಎರಡೂ ತುದಿ ಕನೆಕ್ಟರಿನಿಂದ ಸೇರಿಸಿ, ನೀರಿನ ಮೇಲೆ ತೇಲಿಬಿಟ್ಟು ಗಿಡವನ್ನು ಅದರೊಳಗೆ ಇಟ್ಟೆ. ಇದನ್ನು ಎಲ್ಲರೂ ಮಾಡುತ್ತಾರೆ, ನನ್ನ ಹೆಚ್ಚುಗಾರಿಕೆ ಏನಿಲ್ಲ. ಗಿಡ ಬದುಕಿತು, ಹಬ್ಬಿತು, ಕಡು ಹಸಿರಾಗಿ ದಷ್ಟಪುಷ್ಟವಾಯಿತು. ಕೆಂಪು ಮಾತ್ರ ಇಲ್ಲ. ಕೇಳಿದವರೆಲ್ಲ ಕೊಟ್ಟದ್ದು ಒಂದೇ ಸಲಹೆ: ಬೆಳಕು ಹೆಚ್ಚಿಸು, ಗೊಬ್ಬರ ಹೆಚ್ಚಿಸು. ನನ್ನ ದುಡ್ಡು ಹಾಳಾದದ್ದು ಇಲ್ಲಿಯೇ. ಹೊಸ ಎಲ್‌ಇಡಿಗೆ ಕೊಟ್ಟದ್ದು ಟ್ಯಾಂಕ್, ಸ್ಟ್ಯಾಂಡ್, ಫಿಲ್ಟರ್ ಮೂರಕ್ಕೂ ಸೇರಿ ಕೊಟ್ಟದ್ದಕ್ಕಿಂತ ಹೆಚ್ಚು. ಅದರ ಮೇಲೆ ಎಲ್ಲ ಪೋಷಕಾಂಶವೂ ಇರುವ ದ್ರವ ಗೊಬ್ಬರ, ಎರಡು ಬಾಟಲಿ. ದಿನಕ್ಕೆ ಹತ್ತು ಗಂಟೆ ಬೆಳಕು, ವಾರಕ್ಕೆ ಎರಡು ಸಲ ಗೊಬ್ಬರ. ಗಿಡಕ್ಕಿಂತ ಮೊದಲು ಎಚ್ಚೆತ್ತದ್ದು ಕೂದಲು ಪಾಚಿ. ಬೇರುಗಳನ್ನು ಹೆಣೆದು ಇಡೀ ಬಳೆಯನ್ನೇ ಒಂದು ಚಾಪೆಯಾಗಿ ಮಾಡಿತು. ಬಿಡಿಸಲು ಹೋದರೆ ಪಾಚಿಯೊಡನೆ ಬೇರೂ ಕಿತ್ತು ಬರುತ್ತಿತ್ತು. ನೀರು ಪರೀಕ್ಷಿಸುವ ಟೆಸ್ಟ್ ಕಿಟ್‌ನಲ್ಲಿ ನೈಟ್ರೇಟ್, ಅಂದರೆ ಗಿಡ ಉಣ್ಣುವ ನೈಟ್ರೋಜನ್, ನಲವತ್ತು ಪಿಪಿಎಂ (ಹತ್ತು ಲಕ್ಷದಲ್ಲಿ ನಲವತ್ತು ಭಾಗ) ಬಣ್ಣವನ್ನೂ ದಾಟಿತ್ತು. ಹನ್ನೊಂದು ಗಪ್ಪಿ ಮೀನುಗಳು, ಅವುಗಳಿಗೆ ದಿನಕ್ಕೆ ಎರಡು ಹೊತ್ತು ಧಾರಾಳ ಊಟ, ಸಾಲದ್ದಕ್ಕೆ ಗೊಬ್ಬರದ ನೈಟ್ರೋಜನ್. ಇನ್ನೇನಾಗಬೇಕು?

ಎಲ್ಲ ಚೆಲ್ಲುವಾಗ ಪಾಚಿ ಹಿಡಿಯದ ಮೂರು ತುಣುಕು ಕಂಡವು. ಕಿಟಕಿಯ ಬಳಿ ನೀರು ತುಂಬಿಟ್ಟಿದ್ದ ಪ್ಲಾಸ್ಟಿಕ್ ಬೋಗುಣಿಯೊಂದಿತ್ತು, ಅದರೊಳಗೆ ಹಾಕಿ ಮರೆತೆ. ಮೀನಿಲ್ಲ, ಗೊಬ್ಬರವಿಲ್ಲ, ಬೆಳಗಿನ ಬಿಸಿಲು ಒಂದೆರಡು ಗಂಟೆ. ಮೂರು ವಾರದ ನಂತರ ಬೋಗುಣಿ ಬೇಕಾಗಿ ಎತ್ತಲು ಹೋದರೆ, ಕೊನೆಯ ಎರಡು ಎಲೆಗಳ ಅಂಚಿನಲ್ಲಿ ಕೆಂಪು. ಅಂಚಿನಿಂದ ಒಳಕ್ಕೆ, ನರದ ಬುಡದವರೆಗೆ. ಬೇರಂತೂ ಕುಂಕುಮದ ನೂಲು. ಬೋಗುಣಿಯನ್ನು ಹಾಗೆಯೇ ಇಟ್ಟು, ಅಲ್ಲೇ ನೆಲದ ಮೇಲೆ ಕುಳಿತೆ. ಇಷ್ಟು ದಿನ ನಾನು ಉಣಿಸಿ ಉಣಿಸಿ ಹಸಿರು ಮಾಡುತ್ತಿದ್ದೆ. ಅದಕ್ಕೆ ಬೇಕಾಗಿದ್ದದ್ದು ಉಪವಾಸ.

ಆದರೆ ಪೂರ್ತಿ ಉಪವಾಸವೂ ಅಲ್ಲ. ಬೋಗುಣಿಯ ಗಿಡ ಇನ್ನೆರಡು ವಾರದಲ್ಲಿ ಬೆಳೆಯುವುದನ್ನೇ ನಿಲ್ಲಿಸಿತು. ಹೊಸ ಎಲೆ ಸಾಸಿವೆಗಿಂತ ಸ್ವಲ್ಪ ದೊಡ್ಡದು, ಹಳೆಯ ಎಲೆ ಬಿಳಿಚಿ ಕಳಚಿತು. ಹಸಿದ ಕೆಂಪು ಬೇರೆ, ಸಾಯುವ ಕೆಂಪು ಬೇರೆ. ಈ ವ್ಯತ್ಯಾಸ ಕಣ್ಣಿಗೆ ಹತ್ತಲು ನನಗೆ ಆ ಮೂರು ತುಣುಕುಗಳೂ ಖರ್ಚಾದವು.

ನಾಲ್ಕನೆಯ ಸಲ ಗಿಡ ತರಿಸುವ ಮೊದಲು ನೀರು ಸಿದ್ಧ ಮಾಡಿದೆ. ನೀರು ಬದಲಿಸಿಯೇ ನೈಟ್ರೇಟ್ ಇಳಿಸಬಹುದು, ಆದರೆ ನನಗೆ ಅದು ಬೇಸರದ ಕೆಲಸ. ಬದಲಿಗೆ ಟ್ಯಾಂಕಿನ ತುಂಬ ಅಂತರಗಂಗೆ ಬಿಟ್ಟೆ. ಕೇಳಿದವರು ನಕ್ಕರು: ಕೆಂಪು ಗಿಡ ಸಾಕಲಾಗದೆ ಕಳೆ ಸಾಕುತ್ತಿದ್ದಾನೆ ಎಂದು. ಅಂತರಗಂಗೆಗೆ ನೈಟ್ರೋಜನ್ ಎಂದರೆ ಎಷ್ಟಿದ್ದರೂ ಸಾಲದು. ಮೀನಿನ ಊಟವನ್ನು ಅರ್ಧಕ್ಕೆ ಇಳಿಸಿ, ಗೊಬ್ಬರ ನಿಲ್ಲಿಸಿ, ಮೂರು ವಾರ ಬಿಟ್ಟು ನೋಡಿದರೆ ನೈಟ್ರೇಟ್ ಹತ್ತಕ್ಕೆ ಬಂದಿತ್ತು, ನಾಲ್ಕನೆಯ ವಾರ ಐದರ ಆಸುಪಾಸು. ಅಂಗೈ ಅಗಲವಿದ್ದ ಅಂತರಗಂಗೆಯ ಹೊಸ ಮರಿಗಳು ನಾಣ್ಯದಷ್ಟಕ್ಕೆ ಕುಗ್ಗಿದವು, ಹೊರಗಿನ ಎಲೆ ಹಳದಿಯಾಯಿತು. ಅದೇ ನನ್ನ ಗುರುತು. ಈಗಂತೂ ಟೆಸ್ಟ್ ಕಿಟ್ ತೆಗೆಯುವುದು ಅಪರೂಪ. ಅಂತರಗಂಗೆ ಕುಗ್ಗಿದರೆ ನೀರು ಸಿದ್ಧ. ಬಹುಪಾಲನ್ನು ತೆಗೆದು ಗೊಬ್ಬರದ ಗುಂಡಿಗೆ ಹಾಕಿ, ಟ್ಯಾಂಕಿನಲ್ಲಿ ಒಂದನ್ನು ಮಾತ್ರ ಸಾಕ್ಷಿಗೆಂದು ಮೂಲೆಯಲ್ಲಿ ಉಳಿಸಿಕೊಂಡೆ.

ಗುಂಡಿಗೆ ಹಾಕದೆ ಉಳಿದ ಅಂತರಗಂಗೆಯನ್ನು ಹೊರಗೆ ಮೀನಿಲ್ಲದ ತೊಟ್ಟಿಯೊಂದಕ್ಕೆ ಹಾಕಿದ್ದು ನನ್ನ ಇನ್ನೊಂದು ದಡ್ಡತನ. ಮ್ಯಾನ್ಸೋನಿಯಾ ಜಾತಿಯ ಸೊಳ್ಳೆಯ ಮರಿಗಳು ಉಸಿರಿಗಾಗಿ ಮೇಲೆ ಬರುವುದೇ ಇಲ್ಲ, ಇಂಥ ಗಿಡಗಳ ಬೇರಿಗೇ ಕೊಳವೆ ಚುಚ್ಚಿ ಗಾಳಿ ಎಳೆಯುತ್ತವೆ ಎಂಬುದನ್ನು ಆಮೇಲೆ ಓದಿದೆ. ಆ ಸಂಜೆಯೇ ತೊಟ್ಟಿಯನ್ನು ಬಗ್ಗಿಸಿದೆ.

ಟ್ಯಾಂಕಿಗೆ ಬರುತ್ತೇನೆ. ಕೆಂಪಿಗೆ ಹಸಿವಿನ ಜೊತೆ ಬೆಳಕೂ ಬೇಕು. ಆದ್ದರಿಂದ ಆ ದುಬಾರಿ ಎಲ್‌ಇಡಿ ಪೂರ್ತಿ ವ್ಯರ್ಥವಾಗಲಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ಈಗ ಏಳೂವರೆ, ಎಂಟು ಗಂಟೆ ಉರಿಸುತ್ತೇನೆ, ನೀರಿನಿಂದ ಒಂದು ಗೇಣು ಎತ್ತರ. ಇನ್ನೂ ಹತ್ತಿರ ಇಳಿಸಿ ನೋಡಿದ್ದೆ, ನಡುವಿನ ಗಿಡಗಳು ಸುಟ್ಟ ಕಾಗದದಂತಾದವು. ಕಬ್ಬಿಣ ಕೊಡುವುದನ್ನು ಮಾತ್ರ ಬಿಡಲಿಲ್ಲ. ಅದರಲ್ಲೂ ಒಂದು ಬಾಟಲಿ ದಂಡವಾಯಿತು. ನನ್ನ ನೀರಿನ ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ, ಏಳೂವರೆಯ ಹತ್ತಿರ. ಕಬ್ಬಿಣವನ್ನು ನೀರಿನಲ್ಲಿ ಕರಗಿದಂತೆಯೇ ಹಿಡಿದಿಡಲು ಬೆರೆಸುವ ರಾಸಾಯನಿಕಗಳಲ್ಲಿ ಇಡಿಟಿಎ ಒಂದು, ಡಿಟಿಪಿಎ ಇನ್ನೊಂದು. ಇಡಿಟಿಎ ಕಬ್ಬಿಣ ಅಂಥ ನೀರಿನಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಡಿಟಿಪಿಎ ಕಬ್ಬಿಣಕ್ಕೆ ಬದಲಿಸಿದ ಮೇಲೆ ಹೊಸ ಎಲೆಗಳ ಬಿಳಿಚು ಹೋಯಿತು. ಎಷ್ಟು, ಯಾವಾಗ ಎಂಬುದನ್ನು ನಿಮ್ಮ ನೀರು ನೋಡಿ ನೀವೇ ತಿಳಿದುಕೊಳ್ಳಿ. ನನ್ನದಂತೂ ಹನಿ ಲೆಕ್ಕ, ಅಳತೆ ಚಮಚವಲ್ಲ.

ಹೊಸ ಗಿಡ ಬಂದ ಮೊದಲ ವಾರವೇ ಗಂಡಾಂತರದ್ದು. ಬಂದದ್ದು ಹದಿನೈದು ತುಣುಕು. ಕೊಳೆತ ಎಲೆಯನ್ನೆಲ್ಲ ಕತ್ತರಿಸಿ ಬಿಸಾಡುತ್ತೇನೆ, ಕನಿಕರ ತೋರುವುದಿಲ್ಲ. ಒಂದೊಂದನ್ನೂ ಬೇರು ಕೆಳಗಾಗಿ, ಚಿಮಟದಿಂದ ಹಿಡಿದು, ಎಲೆಯ ಮೇಲೆ ಹನಿ ಬೀಳದಂತೆ ಇಳಿಸಬೇಕು. ಚೀಲದ ನೀರಿನ ಸಮೇತ ಸುರಿದರೆ ಕಥೆ ಮುಗಿಯಿತು. ಡಕ್‌ವೀಡ್ ಎಂಬ ಪುಟ್ಟ ತೇಲುವ ಕಳೆಯ ಒಂದು ಕಾಳು ಜೊತೆಗೆ ಬಂದರೆ ಒಂದು ವರ್ಷದ ಆಯುವ ಕೆಲಸ ಉಚಿತ. ಮೊದಲ ವಾರ ಟ್ಯಾಂಕಿನಲ್ಲಿ ಅಲ್ಲ, ಬೇರೆ ಡಬ್ಬಿಯಲ್ಲಿ ಇಡುತ್ತೇನೆ. ಏಳನೆಯ ದಿನ ಟ್ಯಾಂಕಿಗೆ ಸಾಗಿಸುವ ಮೊದಲು ಆ ಡಬ್ಬಿಯ ನೀರಿಗೆ ನಾನು ಮಾಡುವ ಒಂದು ಕೆಲಸವಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಮೂರು ಸಲದ ದುಡ್ಡು ಸುರಿದು ಕಲಿತದ್ದು, ಇನ್ನೂ ಸ್ವಲ್ಪ ದಿನ ನನ್ನ ಬಳಿಯೇ ಇರಲಿ. ಹದಿನೈದರಲ್ಲಿ ಹದಿಮೂರು ಉಳಿದವು.

ಐದನೆಯ ವಾರ ಅಂಚು ಕೆಂಪಾಯಿತು, ಎಂಟನೆಯ ವಾರಕ್ಕೆ ಬಳೆ ತುಂಬಿತು. ಬಳೆ ತುಂಬಿದ ಮೇಲೆ ಎಲೆಗಳು ಒಂದರ ಮೇಲೊಂದು ಹತ್ತುತ್ತವೆ, ಅಡಿಗೆ ಸಿಕ್ಕಿದವು ಕೊಳೆಯುತ್ತವೆ. ಹಾಗಾಗಿ ಹತ್ತು ದಿನಕ್ಕೊಮ್ಮೆ ಮೂರನೇ ಒಂದು ಭಾಗ ತೆಗೆಯುತ್ತೇನೆ. ಹಳೆಯ ನಡುಭಾಗವನ್ನು ತೆಗೆದು ತುದಿಗಳನ್ನು ಉಳಿಸಬೇಕು, ಬಹಳ ಜನ ಉಲ್ಟಾ ಮಾಡುತ್ತಾರೆ. ತೆಗೆದದ್ದನ್ನು ಚರಂಡಿಗಾಗಲಿ ಕೆರೆಗಾಗಲಿ ಎಸೆಯುವುದಿಲ್ಲ. ಅಮೆಜಾನಿನ ಈ ಗಿಡ 2010ರ ಹೊತ್ತಿಗೆ ಫ್ಲೋರಿಡಾದ ನದಿಯೊಂದರಲ್ಲಿ ತಾನಾಗಿ ಬೆಳೆಯುತ್ತಿತ್ತು.

ಮೂರನೆಯ ತಿಂಗಳು ಹೂ ಬಂತು. ಎಲೆ ಮತ್ತು ಕಾಂಡದ ಸಂದಿಯಲ್ಲಿ ಅಕ್ಕಿ ನುಚ್ಚಿನಷ್ಟು ಬಿಳಿ ಹೂ, ಕನ್ನಡಕ ಹಾಕಿಯೇ ನೋಡಬೇಕು. ನನ್ನ ತಾಯಿ ಬಗ್ಗಿ ನೋಡಿ, "ಏನೋ ಇದು, ನೀರಿನಲ್ಲಿ ನೆಲನೆಲ್ಲಿ ಬೆಳೆಸಿದ್ದೀಯಾ?" ಎಂದರು. ತಮಾಷೆಗೆ ಅಂದದ್ದೇ ಇರಬೇಕು, ಆದರೆ ಸರಿಯಾಗಿಯೇ ಅಂದಿದ್ದರು. 1863ರಲ್ಲಿ ಇದಕ್ಕೆ ಫಿಲಾಂಥಸ್ ಫ್ಲುಯಿಟಾನ್ಸ್ ಎಂಬ ಹೆಸರು ದಾಖಲಾಯಿತು; ನೆಲ್ಲಿ, ನೆಲನೆಲ್ಲಿ ಎರಡೂ ಅದೇ ಫಿಲಾಂಥಸ್ ಕುಲದವು. ಸಾಲ್ವೀನಿಯಾ ಎಂಬ ಇನ್ನೊಂದು ತೇಲುವ ಗಿಡದ ಪಕ್ಕ ಇಟ್ಟರೆ ಒಂದೇ ಮನೆತನದವು ಎನಿಸುತ್ತದೆ, ಆದರೆ ಸಾಲ್ವೀನಿಯಾ ಹೂವೇ ಬಿಡದ ಜರೀಗಿಡ.

ಕಳೆದ ವಾರ ಆ ಹಿರಿಯರು ಫೋನ್ ಮಾಡಿದ್ದರು. ಒಯ್ದ ಗಿಡ ಚೆನ್ನಾಗಿ ಹಬ್ಬಿದೆಯಂತೆ, ಬಣ್ಣ ಮಾತ್ರ ಮತ್ತೆ ಹಸಿರಾಗಿದೆಯಂತೆ. ಮೀನಿಗೆ ದಿನಕ್ಕೆ ಎಷ್ಟು ಸಲ ಊಟ ಹಾಕುತ್ತೀರಿ ಎಂದು ಕೇಳಿದೆ. "ಮೂರು ಸಲ. ಪಾಪ, ಹಸಿದಿರುತ್ತವಲ್ಲ" ಎಂದರು. ಒಂದಕ್ಕೆ ಇಳಿಸಿ ಎಂದೆ. ಏಳನೆಯ ದಿನದ ವಿಷಯವನ್ನೂ ಕೇಳಿದರು. ಗಪ್ಪಿ ಮರಿ ಹಾಕಿದೆ, ಆಮೇಲೆ ಮಾತಾಡುತ್ತೇನೆ ಎಂದು ಫೋನ್ ಇಟ್ಟೆ.