ಹೈಬ್ರಿಡ್ ಕಾರಿನ ಮೈಲೇಜನ್ನು ನಾನು ಅಳೆದ ಬಗೆ

ಪುಣೆಯ ಕೋಥ್ರೂಡಿನಿಂದ ಹಿಂಜವಡಿಯ ಕಚೇರಿಗೆ ದಿನವೂ ಹೋಗಿಬರುವುದಕ್ಕೆಂದು ಎರಡು ವರ್ಷಗಳ ಹಿಂದೆ ಒಂದೂವರೆ ಲೀಟರ್ ಪೆಟ್ರೋಲ್ ಎಂಜಿನ್ನಿನ ಸ್ಟ್ರಾಂಗ್ ಹೈಬ್ರಿಡ್ ಕಾರನ್ನು, ಅಂದರೆ ಎಂಜಿನ್ನಿನ ಜೊತೆಗೆ ಬ್ಯಾಟರಿಯ ವಿದ್ಯುತ್ ಮೋಟಾರೂ ಇದ್ದು ಕೆಲಹೊತ್ತು ಬರೀ ಮೋಟಾರಿನಿಂದಲೇ ಓಡಬಲ್ಲ ಕಾರನ್ನು ಕೊಂಡೆ. ಪ್ರಮಾಣಪತ್ರದಲ್ಲಿದ್ದ ಮೈಲೇಜು ಲೀಟರಿಗೆ ಸುಮಾರು 28 ಕಿಲೋಮೀಟರ್. ವಾಹನಗಳ ಮೈಲೇಜನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಎಆರ್‌ಎಐ ಸಂಸ್ಥೆ ಕೋಥ್ರೂಡಿನ ಮಗ್ಗುಲಿನ ವೇತಾಳ ಟೇಕಡಿಯ ಮೇಲೆಯೇ ಇದೆ; ಅಲ್ಲಿ ಕಾರು ಓಡುವುದು ಪ್ರಯೋಗಾಲಯದ ಉರುಳೆಗಳ ಮೇಲೆ, ಗಂಟೆಗೆ 90 ಕಿಲೋಮೀಟರ್ ಮೀರದ ವೇಗದಲ್ಲಿ. ನನ್ನ ದಾರಿಯ ಲೆಕ್ಕವನ್ನು ನಾನೇ ಹಾಕಬೇಕಾಗಿತ್ತು.

ಪ್ರತಿ ಸಲವೂ ಒಂದೇ ಬಂಕಿನಲ್ಲಿ, ಪಂಪು ತಾನಾಗಿ ನಿಲ್ಲುವವರೆಗೆ ಟ್ಯಾಂಕ್ ತುಂಬಿಸಿ, ಓಡಿದ ಕಿಲೋಮೀಟರನ್ನು ಹಾಕಿಸಿದ ಲೀಟರಿನಿಂದ ಭಾಗಿಸಿ ಬರೆದಿಟ್ಟುಕೊಂಡೆ. ಕಾರಿನ ಪರದೆ ನನ್ನ ಲೆಕ್ಕಕ್ಕಿಂತ ಒಂದು–ಒಂದೂವರೆ ಕಿಲೋಮೀಟರ್ ಹೆಚ್ಚು ತೋರಿಸುತ್ತಿದ್ದುದರಿಂದ ಅದನ್ನು ನಂಬುವುದನ್ನು ಬಿಟ್ಟೆ.

ಊರೊಳಗೆ ಸರಾಸರಿ 24 ಸಿಕ್ಕಿತು. ವಾಕಡ್ ಸೇತುವೆಯ ಬಳಿ ಸಂಜೆ ಸಾಲುಗಟ್ಟಿ ನಿಂತಾಗ ಬೇರೆ ಕಾರುಗಳು ಪೆಟ್ರೋಲ್ ಸುಡುತ್ತಿದ್ದರೆ ಇದರ ಎಂಜಿನ್ ಬಹುತೇಕ ಆರಿರುತ್ತದೆ, ತೆವಳುವ ಕೆಲಸವನ್ನೆಲ್ಲ ಮೋಟಾರು ಮಾಡುತ್ತದೆ. ಬ್ಯಾಟರಿ ಒಂದು ಯೂನಿಟ್ ವಿದ್ಯುತ್ತೂ ಹಿಡಿಸದಷ್ಟು ಚಿಕ್ಕದು. ಅದು ಬೇಗ ಖಾಲಿಯಾಗುತ್ತದೆ, ಬೇಗ ತುಂಬುತ್ತದೆ. ಆದ್ದರಿಂದ ನಾನು ಮೊದಲು ಬದಲಿಸಿಕೊಂಡದ್ದು ಬ್ರೇಕ್ ಒತ್ತುವ ರೀತಿಯನ್ನು. ಕೆಂಪು ದೀಪ ದೂರದಲ್ಲಿ ಕಂಡೊಡನೆ ಕಾಲು ತೆಗೆದು ಮೆಲ್ಲಗೆ ಬ್ರೇಕ್ ಹಿಡಿದರೆ ವೇಗದ ಶಕ್ತಿ ವಿದ್ಯುತ್ತಾಗಿ ಬ್ಯಾಟರಿಗೆ ಮರಳುತ್ತದೆ, ಗಕ್ಕನೆ ಒತ್ತಿದರೆ ಅದರಲ್ಲಿ ಹೆಚ್ಚಿನ ಪಾಲು ಬ್ರೇಕಿನ ಬಿಸಿಯಾಗಿ ಹೋಗುತ್ತದೆ. ಇದೊಂದೇ ಅಭ್ಯಾಸದಿಂದ ನನಗೆ ಲೀಟರಿಗೆ ಸುಮಾರು ಎರಡು ಕಿಲೋಮೀಟರ್ ಹೆಚ್ಚಿತು. ಮೇ ತಿಂಗಳಲ್ಲಿ ಮಾತ್ರ 21ಕ್ಕೆ ಇಳಿಯಿತು, ಏಕೆಂದರೆ ಏಸಿಯ ಕಂಪ್ರೆಸರ್ ಕೂಡ ಇದೇ ಬ್ಯಾಟರಿಯಿಂದ ನಡೆಯುವುದರಿಂದ ಕಾರು ನಿಂತಲ್ಲೇ ಎಂಜಿನ್ ಮತ್ತೆ ಮತ್ತೆ ಚಾಲೂ ಆಗುತ್ತದೆ.

ಮಾವನವರ ಊರಾದ ಬೆಳಗಾವಿಯ ದಾರಿಯ ಕಥೆಯೇ ಬೇರೆ. ಹೆದ್ದಾರಿಯಲ್ಲಿ 100ರ ವೇಗ ಹಿಡಿದರೆ 18, 80ರಲ್ಲಿ ಸಾಗಿದರೆ 22. ಅಲ್ಲಿ ಬ್ರೇಕೇ ಬೀಳದಿದ್ದರೆ ಮರಳಿ ಪಡೆಯುವುದಕ್ಕೆ ಏನೂ ಇರುವುದಿಲ್ಲ, ಎದುರುಗಾಳಿಯನ್ನು ಸೀಳುವ ಹೊರೆಯೆಲ್ಲ ಎಂಜಿನ್ನಿನದೇ. ಐದು ಜನರನ್ನೂ ಸಾಮಾನನ್ನೂ ಹೊತ್ತು ಖಂಬಾಟಕಿ ಘಾಟ್ ಏರುವಾಗ ಆರಂಭದಲ್ಲಿ ಮೋಟಾರಿನ ಸೆಳೆತ ಚೆನ್ನಾಗಿಯೇ ಇತ್ತು. ಅರ್ಧ ದಾರಿಯಲ್ಲಿ ಬ್ಯಾಟರಿ ಬತ್ತಿದ ಮೇಲೆ ಎಂಜಿನ್ ಜೋರಾಗಿ ಕೂಗತೊಡಗಿತು, ಆ ಕೂಗಿಗೆ ತಕ್ಕ ವೇಗ ಬರಲಿಲ್ಲ, ಲಾರಿಯನ್ನು ಹಿಂದೆ ಹಾಕುವ ಯೋಚನೆಯನ್ನು ಕೈಬಿಟ್ಟೆ. ಇಳಿಜಾರಿನಲ್ಲಿ ಬ್ಯಾಟರಿ ತುಂಬಿದ ನಂತರ ಇನ್ನಷ್ಟು ಹಿಡಿಸಲಾರದು, ಹಾಗಾಗಿ ಗೇರ್ ಲಿವರನ್ನು ಇಳಿಜಾರಿಗೆಂದೇ ಇರುವ ‘ಬಿ’ ಸ್ಥಾನಕ್ಕೆ ಹಾಕಿ ಎಂಜಿನ್ನಿನ ತಡೆಯನ್ನೇ ನೆಚ್ಚಿಕೊಂಡು ಇಳಿದೆ.

ಕಳೆದ ದೀಪಾವಳಿಗೆ ಹೋದಾಗ ಮಾವನವರು, “ವಾರಕ್ಕೊಮ್ಮೆ ಪುಣೆಗೆ ಓಡಾಡೋ ನನಗ ಇಂಥಾದ್ದು ಆದೀತೇನಪಾ?” ಎಂದು ಕೇಳಿದರು. ನನ್ನ ಲೆಕ್ಕದ ಪುಸ್ತಕ ತೋರಿಸಿ, “ನೀವು ಡೀಸೆಲ್ ಗಾಡಿನೇ ನೋಡ್ರಿ” ಎಂದೆ.