ಗಿಡದ ಫೋಟೊ ತೆಗೆದು ಬ್ಯಾಡ್ಜ್ ಲೆಕ್ಕ ಹಾಕಿದ ವರ್ಷ

ಕಂಪನಿಗಳಿಗೆ ಸಿಎಸ್‌ಆರ್ ವರದಿ, ಅಂದರೆ ಅವರು ಸಮಾಜಕ್ಕಾಗಿ ಏನೇನು ಖರ್ಚು ಮಾಡಿದರು ಅನ್ನುವ ವರದಿ, ಬರೆದುಕೊಡುವುದು ನನ್ನ ಹೊಟ್ಟೆಪಾಡು. ಬೆಂಗಳೂರಿನಲ್ಲಿ ಈ ಕೆಲಸಕ್ಕೆ ಬರವಿಲ್ಲ. ಮಾರ್ಚ್ ಮುಗಿಯುತ್ತಿದ್ದ ಹಾಗೆ ಒಂದು ಪೆನ್‌ಡ್ರೈವ್ ಬರುತ್ತದೆ. ಅದರಲ್ಲಿ ಇನ್ನೂರು ಫೋಟೊ. ಗಿಡ ನೆಡುವುದು, ಶಾಲೆಗೆ ಬೆಂಚು, ನೀರಿನ ಘಟಕದ ಮುಂದೆ ಟೇಪು ಕತ್ತರಿಸುವುದು. ಜೋಡಿಸಿ ಚೆಂದ ಮಾಡಿ ಕೊಟ್ಟರೆ ಮುಗಿಯಿತು.

ಪೀಣ್ಯದ ಒಂದು ಫ್ಯಾಕ್ಟರಿಯಿಂದಲೂ ಹೀಗೇ ಬಂತು. ಹೆಸರು ಬೇಡ. ಅಣು ವಿದ್ಯುತ್ ಸ್ಥಾವರಗಳಿಗೆ ಪೈಪು, ವಾಲ್ವು ಮಾಡುವವರು. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ವರ್ಷಕ್ಕೆ 5 ಕೋಟಿ ಲಾಭ ಮುಟ್ಟಿದವರು, ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇ. 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಇವರು ಒಂದು ಪೈಸೆ ಬಿಡದೆ ಮಾಡಿದ್ದರು. ನಾನು ಹದಿನೆಂಟು ಪುಟ ಬರೆದೆ. ಅಷ್ಟರಲ್ಲಿ ‘ವಿಕಿರಣ’ ಅನ್ನುವ ಪದ ಒಂದು ಸಲವೂ ಇರಲಿಲ್ಲ. ನನಗೆ ಅದು ಹೊಳೆದೂ ಇರಲಿಲ್ಲ.

ಅಚ್ಚಿಗೆ ಹೋಗುವ ಮುಂಚೆ ಅಕ್ಕಪಕ್ಕದವರಿಗೂ ಕೆಲಸಗಾರರಿಗೂ ತೋರಿಸೋಣ ಅಂತ ಕ್ಯಾಂಟೀನಿನಲ್ಲಿ ಒಂದು ಸಭೆ ಇಟ್ಟೆವು. ಸುಮ್ನೆ ಶಾಸ್ತ್ರಕ್ಕೆ. ಹಿಂದಿನ ರಸ್ತೆಯಲ್ಲಿ ಇಡ್ಲಿ ಅಂಗಡಿ ಇಟ್ಟಿರುವ ಹೆಂಗಸೊಬ್ಬರು ಪುಟಗಳನ್ನು ತಿರುವಿಹಾಕಿ ಕೇಳಿದರು: “ರಾತ್ರಿ ಹತ್ತಾದ್ಮೇಲೆ ಹಗ್ಗ ಕಟ್ಟಿ ಕೆಂಪು ಲೈಟ್ ಹಾಕ್ತೀರಲ್ಲ, ಅದು ಇದ್ರಲ್ಲಿ ಎಲ್ಲಿದೆ?”

ಅವರು ಕೇಳಿದ್ದು ರೇಡಿಯೋಗ್ರಫಿ ಬಗ್ಗೆ. ಸ್ಥಾವರಕ್ಕೆ ಹೋಗುವ ಪೈಪಿನ ವೆಲ್ಡಿಂಗ್ ಒಳಗೆ ಕೂದಲೆಳೆ ಬಿರುಕೂ ಇರಬಾರದು. ಅದನ್ನು ನೋಡಲು ಇರಿಡಿಯಂ-192 ಅನ್ನುವ ವಿಕಿರಣ ಸೂಸುವ ಲೋಹ ಬಳಸುತ್ತಾರೆ. ಅಲ್ಲಿಯವರು ಅದನ್ನು ‘ಸೋರ್ಸ್’ ಅಂತಾರೆ, ಅದಿರುವ ಭಾರದ ಡಬ್ಬಿಗೆ ‘ಕ್ಯಾಮೆರಾ’. ಡಬ್ಬಿಯಿಂದ ಸೋರ್ಸ್ ಹೊರಗೆ ತಳ್ಳಿದಾಗ ಗಾಮಾ ಕಿರಣ ಪೈಪನ್ನು ದಾಟಿ ಆ ಕಡೆಯ ಫಿಲ್ಮಿನ ಮೇಲೆ ಬೀಳುತ್ತದೆ. ಸುಮಾರು 74 ದಿನಕ್ಕೆ ಅದರ ಶಕ್ತಿ ಅರ್ಧಕ್ಕಿಳಿಯುತ್ತದೆ, ಹಾಗಾಗಿ ಆಗಾಗ ಬದಲಿಸಬೇಕು. ಜನ ಕಡಿಮೆ ಇರುವ ಹೊತ್ತು ಅಂತ ರಾತ್ರಿ ಮಾಡುತ್ತಾರೆ. ಗೋಡೆಯಾಚೆ ಇರುವವರಿಗೆ ಕಾಣುವುದು ಹಗ್ಗ ಮತ್ತು ಕೆಂಪು ಲೈಟ್ ಮಾತ್ರ.

ಮ್ಯಾನೇಜರ್ ಎದ್ದು, “ಲಾಲ್‌ಬಾಗ್ ಬಂಡೆಯಿಂದಲೂ ವಿಕಿರಣ ಬರುತ್ತೆ, ಗೊತ್ತಾ?” ಅಂದರು. ಸುಳ್ಳಲ್ಲ. ಆ ಹಳೇ ಕಲ್ಲಿನಲ್ಲಿ ಯುರೇನಿಯಂ, ಥೋರಿಯಂ ಅತಿ ಸ್ವಲ್ಪ ಇದ್ದೇ ಇರುತ್ತದೆ. ಮಣ್ಣು, ಗಾಳಿ, ಆಕಾಶ, ಊಟ ಎಲ್ಲ ಸೇರಿ ಪ್ರಪಂಚದ ಸರಾಸರಿ ಮನುಷ್ಯನಿಗೆ ವರ್ಷಕ್ಕೆ ಸುಮಾರು 2.4 ಮಿಲಿಸೀವರ್ಟ್ (ದೇಹಕ್ಕೆ ಬೀಳುವ ವಿಕಿರಣವನ್ನು ಅಳೆಯುವ ಮಾನ) ಬೀಳುತ್ತದೆ. ಆ ಹೆಂಗಸು ಅಂದರು: “ಬಂಡೆ ಮೇಲೆ ನಾನೇ ಹೋಗಿ ಕೂತ್ಕೋತೀನಿ ಸಾರ್. ಇದು ನನ್ನ ಕೇಳಿ ತಂದಿದ್ದಲ್ಲ, ಅಲ್ವಾ?”

ಅವತ್ತಿನಿಂದ ನಾನು ‘ಇವುಗಳಿಂದಲೂ ಸ್ವಲ್ಪ ವಿಕಿರಣ ಬರುತ್ತೆ’ ಅನ್ನುವ ಬಂಡೆ, ಬಾಳೆಹಣ್ಣು, ವಿಮಾನ ಪ್ರಯಾಣದ ಹೋಲಿಕೆ ಬರೆಯುವುದನ್ನು ಬಿಟ್ಟೆ.

ಮತ್ತೆ ಮೊದಲಿಂದ ಶುರು ಮಾಡಿದೆ. ಆಡಿಟರ್ ಅಡ್ಡ ಬಂದರು. ಕಂಪನಿ ತನ್ನ ಮಾಮೂಲಿ ವ್ಯವಹಾರಕ್ಕೆ ಮಾಡುವ ಖರ್ಚು, ಬರೀ ತನ್ನ ನೌಕರರಿಗಾಗಿ ಮಾಡುವ ಖರ್ಚು, ಇವು ಸಿಎಸ್‌ಆರ್ ಆಗುವುದಿಲ್ಲ. ಸರಿಯಾದ ಮಾತು. ಅಂದರೆ ಜನ ಕೇಳುತ್ತಿರುವ ವಿಷಯಕ್ಕೆ ಆ ಸರಕಾರಿ ನಮೂನೆಯಲ್ಲಿ ಕಾಲಂ ಇಲ್ಲ! ಹಾಗಾಗಿ ಬೇರೆಯದೇ ಒಂದು ಕಿರುಪುಸ್ತಕ ಮಾಡಿದೆವು, ಎಂಟು ಪುಟ, ಪೂರ್ತಿ ಕನ್ನಡದಲ್ಲಿ. ರಾತ್ರಿ ಏನು ನಡೆಯುತ್ತದೆ, ಎಷ್ಟು ಹೊತ್ತು, ಕಾಂಪೌಂಡ್ ಗೋಡೆಯ ಹತ್ತಿರ ಮೀಟರ್ ಎಷ್ಟು ತೋರಿಸಿತು, ಮೈಮೇಲೆ ಬೀಳುವ ವಿಕಿರಣ ಅಳೆಯಲು ಪ್ರತಿ ಕೆಲಸಗಾರ ಹಾಕಿಕೊಳ್ಳುವ ಬ್ಯಾಡ್ಜಿಗೆ ಎಷ್ಟು ಬಿತ್ತು. ಹೆಸರಿಲ್ಲ, ಬರೀ ಅಂಕಿ. ಪಕ್ಕದಲ್ಲೇ ಮಿತಿಯೂ ಇದೆ: ಕೆಲಸಗಾರರಿಗೆ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವ ಒಂದು ವರ್ಷದಲ್ಲೂ 30 ದಾಟಬಾರದು. ಸಾರ್ವಜನಿಕರಿಗೆ 1.

ಸಿಕ್ಕಿಹಾಕಿಕೊಂಡಿದ್ದು ಒಂದು ಅಂಕಿಯಲ್ಲಿ. ಬ್ಯಾಡ್ಜನ್ನು ಮೂರು ತಿಂಗಳಿಗೊಮ್ಮೆ ಓದಲು ಕಳಿಸುತ್ತಾರೆ. ಒಂದು ಸಲ ಒಬ್ಬ ಹುಡುಗನ ಬ್ಯಾಡ್ಜ್ ಮಿತಿ ಮೀರಿ ತೋರಿಸಿತ್ತು. ವಿಚಾರಣೆ ಮಾಡಿದಾಗ, ಅವನು ಕೋಟನ್ನು ರೇಡಿಯೋಗ್ರಫಿ ನಡೆಯುವ ಜಾಗದ ಒಳಗೇ ಮೊಳೆಗೆ ನೇತುಹಾಕಿ ಹೋಗಿದ್ದ, ಬ್ಯಾಡ್ಜ್ ಅದರ ಜೇಬಲ್ಲೇ ಇತ್ತು. ಡೋಸ್ ಬಿದ್ದಿದ್ದು ಕೋಟಿಗೆ. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಗೂ ಬರೆದು ತಿಳಿಸಿದ್ದರು. “ಅವನಿಗೇನೂ ಆಗಿಲ್ಲ, ಇದನ್ನ ಯಾಕೆ ಹಾಕ್ಬೇಕು?” ಅಂತ ಮ್ಯಾನೇಜರ್ ಪಟ್ಟು ಹಿಡಿದರು.

ನಾನು ಕೈಗಾ ಅಣು ವಿದ್ಯುತ್ ಸ್ಥಾವರದ ಉದಾಹರಣೆ ಕೊಟ್ಟೆ. ಅಲ್ಲಿನ ಒಂದನೇ ಘಟಕ 2016ರ ಮೇ ತಿಂಗಳಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ಒಮ್ಮೆಯೂ ನಿಲ್ಲದೆ ಓಡಿತು, ಆಗ ಅದು ವಿಶ್ವದಾಖಲೆ. ಆದರೆ ಇಲ್ಲಿ ನಾನು ಯಾರ ಹತ್ತಿರ ಕೈಗಾ ಅಂದರೂ ಅವರು ಹೇಳುವುದು 2009ರ ವಾಟರ್ ಕೂಲರ್ ಕತೆ. ಕುಡಿಯುವ ನೀರಿಗೆ ಟ್ರೀಟಿಯಂ (ವಿಕಿರಣ ಸೂಸುವ ಹೈಡ್ರೋಜನ್) ಸೇರಿ ಐವತ್ತಕ್ಕೂ ಜಾಸ್ತಿ ಕೆಲಸಗಾರರ ದೇಹಕ್ಕೆ ಹೋಗಿತ್ತು. ಅದು ಗೊತ್ತಾಗಿದ್ದು ಮಾಮೂಲಿ ಮೂತ್ರ ಪರೀಕ್ಷೆಯಿಂದ. ಆ ಪರೀಕ್ಷೆ ಇದ್ದದ್ದು, ಅದು ಕೆಲಸ ಮಾಡಿದ್ದು ಯಾರ ನೆನಪಲ್ಲೂ ಇಲ್ಲ. ನಿಮ್ಮ ಕೋಟಿನ ಕತೆಯನ್ನು ನೀವೇ ಹೇಳಿದರೆ ಅದು ಕೋಟಿನ ಕತೆಯಾಗಿ ಉಳಿಯುತ್ತದೆ, ಕ್ಯಾಂಟೀನ್ ಬಾಯಿಂದ ಹೊರಗೆ ಹೋದರೆ ಏನಾಗಿ ಹೋಗುತ್ತದೋ ನೋಡಿ ಅಂದೆ. ಎರಡು ವಾರ ಫೋನ್ ಬರಲಿಲ್ಲ. ಈ ಕೆಲಸ ಕೈಬಿಟ್ಟಿತು ಅಂದುಕೊಂಡೆ. ಆಮೇಲೆ ‘ಹಾಕಿ’ ಅಂತ ಒಂದೇ ಪದದ ಮೆಸೇಜ್ ಬಂತು.

ಪುಸ್ತಕ ಹಂಚಿದ ಮೇಲೆ ಎಲ್ಲ ತಣ್ಣಗಾಯಿತು ಅಂತ ನಾನು ಹೇಳುವುದಿಲ್ಲ. ಪ್ರಶ್ನೆ ಜಾಸ್ತಿಯೇ ಆದವು. ಇಡ್ಲಿ ಅಂಗಡಿಯವರು ತಮ್ಮ ಗೋಡೆಗೇ ಮೀಟರ್ ಹಿಡಿದು ತೋರಿಸಿ ಅಂದರು. ಒಂದು ರಾತ್ರಿ ಸೋರ್ಸ್ ಹೊರಗಿದ್ದಾಗಲೇ ಸುರಕ್ಷತಾ ಅಧಿಕಾರಿ ಹೋಗಿ ಹಿಡಿದರು. ಮುಳ್ಳು ಹೆಚ್ಚುಕಮ್ಮಿ ಅಲ್ಲಾಡಲಿಲ್ಲ. “ಇದು ಕೆಟ್ಟುಹೋಗಿಲ್ಲ ತಾನೇ?” ಅಂತ ಕೇಳಿದರು. ಅಧಿಕಾರಿ ನಗದೆ, ಮೀಟರ್ ಸರಿಯಾಗಿ ಅಳೆಯುತ್ತದೆ ಅಂತ ಪರೀಕ್ಷಿಸಿ ಕೊಟ್ಟ ಕ್ಯಾಲಿಬ್ರೇಷನ್ ಚೀಟಿ ತರಿಸಿ ತಾರೀಖು ತೋರಿಸಿದರು. ಆ ಚೀಟಿಯ ಫೋಟೊ ಮುಂದಿನ ವರ್ಷದ ಪುಸ್ತಕಕ್ಕೆ ಹೋಯಿತು.

ಒಂದು ಕಾಲಂ ಮಾತ್ರ ಇನ್ನೂ ತುಂಬಿಲ್ಲ. ಕೆಲಸ ಜಾಸ್ತಿಯಾದಾಗ ಹೊರಗಿನ ಏಜೆನ್ಸಿಯ ಹುಡುಗರು ಬರುತ್ತಾರೆ. ಅವರ ಬ್ಯಾಡ್ಜ್ ಏಜೆನ್ಸಿ ಹೆಸರಲ್ಲಿರುತ್ತದೆ, ಲೆಕ್ಕ ನಮ್ಮದಲ್ಲ ಅಂತ ಕಂಪನಿ, ಅದು ಗಿರಾಕಿಯ ಪುಸ್ತಕಕ್ಕೆ ಸೇರಿದ್ದಲ್ಲ ಅಂತ ಏಜೆನ್ಸಿ. ಸದ್ಯಕ್ಕೆ ಆ ಜಾಗ ಖಾಲಿ ಬಿಟ್ಟು, ಯಾಕೆ ಖಾಲಿ ಅಂತ ಕೆಳಗೆ ಒಂದು ಸಾಲು ಬರೆಸಿದ್ದೇನೆ.